ರೆಸ್ಟ್ ಮುಗಿಯಿತು ಅಂತ ಹೇಳುವವರು ಯಾರು? ಕುಮಟಾ ಕಡೆಯ ಒಂದು ಮೊಣಕಾಲಿನ ಪ್ರಕರಣ

61 ವರ್ಷದ ಹೆಂಗಸು. ಕುಮಟಾ ತಾಲೂಕಿನ ಕರಾವಳಿ ಹಳ್ಳಿಯವರು. ಎರಡೂ ಮೊಣಕಾಲು ನೋವು, ಬಲಗಾಲು ಜಾಸ್ತಿ. ಶುರುವಾಗಿ ಮೂರ್ನಾಲ್ಕು ವರ್ಷ ಆಗಿದೆ. ಬಿಪಿ ಇದೆ. ಸಕ್ಕರೆ ಕಾಯಿಲೆ ಇತ್ತೀಚೆಗೆ ಗೊತ್ತಾಗಿದೆ. ಎರಡಕ್ಕೂ ಮಾತ್ರೆ ನಡೀತಿದೆ. ತೂಕ 74 ಕಿಲೋ. ಎರಡು ವರ್ಷದ ಹಿಂದಿನ ಚೀಟಿಯಲ್ಲಿ 66 ಅಂತ ಇತ್ತು. ದಸರಾ ಮುಗಿದು ಮಳೆ ನಿಂತ ಮೇಲೆ ಸೊಸೆ ಕರೆದುಕೊಂಡು ಬಂದಳು. ಬಂದ ಕಾರಣವನ್ನೂ ಅವಳೇ ಹೇಳಿದಳು: "ಹತ್ತು ದಿನ ಕರೆಂಟ್ ಕೊಡಬೇಕಂತೆ."

ಗುರುತು ಸಿಗಬಾರದು ಅಂತ ಊರಿನ ಹೆಸರು, ಮನೆಯ ಕೆಲವು ವಿವರ ಇಲ್ಲಿ ಬಿಟ್ಟಿದ್ದೇನೆ.

ನಮ್ಮ ಕಡೆ ಫಿಸಿಯೋಥೆರಪಿ ಅಂದರೆ ಕರೆಂಟ್. ಪ್ಯಾಡ್ ಅಂಟಿಸಿ, ಜುಮ್ ಅಂತ ಅನ್ನಿಸಿ, ಹದಿನೈದು ನಿಮಿಷ ಮಲಗಿಸಿ ಕಳಿಸುವುದು. ಜನ ಹಾಗೆ ತಿಳಿದುಕೊಂಡಿದ್ದಕ್ಕೆ ಅವರನ್ನು ಬೈದು ಪ್ರಯೋಜನ ಇಲ್ಲ. ಫಿಸಿಯೋಥೆರಪಿಸ್ಟ್‌ಗಳಾದ ನಾವೇ ಕಲಿಸಿದ್ದು. ಮಷಿನ್ ಹಚ್ಚಿದರೆ ಒಂದು ಸಿಟ್ಟಿಂಗಿಗೆ ಇಷ್ಟು ಅಂತ ದುಡ್ಡು ಕೇಳುವುದು ಸುಲಭ. ಅರ್ಧ ಗಂಟೆ ಮಾತಾಡಿದ್ದಕ್ಕೆ ದುಡ್ಡು ಕೇಳಿದರೆ "ಸುಮ್ನೆ ಮಾತಾಡಿದ್ದಕ್ಕೂ ಬಿಲ್ಲಾ?" ಅಂತಾರೆ. ಆದರೆ ಮೊಣಕಾಲಿನ ಸವೆತದ ವಿಷಯದಲ್ಲಿ ಈ ಮಷಿನ್‌ಗಳಿಗೆ ಗಟ್ಟಿ ಆಧಾರ ಇಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಕೊಟ್ಟ ಮಾರ್ಗಸೂಚಿ ವಿದ್ಯುತ್ ಚಿಕಿತ್ಸೆ ಕೊಡಬೇಡಿ ಅಂತಲೇ ಹೇಳುತ್ತದೆ. ಎಲ್ಲರಿಗೂ ಕೊಡಲೇಬೇಕು ಅಂತ ಅದು ಹೇಳುವುದು ವ್ಯಾಯಾಮವನ್ನು.

ಇನ್ನು ಈ ಅಮ್ಮನ ಹಿನ್ನೆಲೆ. ಇಡೀ ಪ್ರಕರಣ ನಿಂತಿರುವುದು ಅದರ ಮೇಲೆ.

ಮದುವೆಯಾಗಿ ಬಂದಾಗಿನಿಂದ ಗದ್ದೆ ಕೆಲಸ. ಮಳೆಗಾಲದಲ್ಲಿ ಭತ್ತ, ಆಮೇಲೆ ಕುಮಟಾದ ಸಿಹಿ ಈರುಳ್ಳಿ, ಹರಿವೆ, ಮೂಲಂಗಿ. ಪಂಪ್ ಬರುವ ಮೊದಲು ಬಾವಿಯಿಂದ ಕೊಡದಲ್ಲಿ ನೀರು ಹೊತ್ತು ಸಾಲಿಗೆ ಹಾಕುತ್ತಿದ್ದರು. ತರಕಾರಿ ಬುಟ್ಟಿ ತಲೆ ಮೇಲಿಟ್ಟು ಪೇಟೆಗೆ ನಡೆದು ಹೋಗುತ್ತಿದ್ದರು. ಏಪ್ರಿಲ್, ಮೇ ಬಂದರೆ ಹೆದ್ದಾರಿ 66ರ ಪಕ್ಕ ಈರುಳ್ಳಿ ಗೊಂಚಲು ತೂಗುಹಾಕಿಕೊಂಡು ಬಿಸಿಲಲ್ಲಿ ಕೂರುತ್ತಿದ್ದರು. ಗೋವಾ ಕಡೆ, ಮಂಗಳೂರು ಕಡೆ ಹೋಗುವ ಕಾರಿನವರು ನಿಲ್ಲಿಸಿ ಚೌಕಾಸಿ ಮಾಡುವುದು ಇಂಥವರ ಹತ್ತಿರವೇ.

ಎರಡು ವರ್ಷದ ಹಿಂದೆ ನೋವು ಜಾಸ್ತಿ ಆಯಿತು. ಎಕ್ಸ್-ರೇ ಆಯಿತು. ಡಾಕ್ಟರು ಹೇಳಿದ್ದು ಇಷ್ಟು: ಮೊಣಕಾಲು ಸವೆದಿದೆ, ನೆಲದ ಮೇಲೆ ಕೂರಬೇಡಿ, ಭಾರ ಹೊರಬೇಡಿ, ಸ್ವಲ್ಪ ದಿನ ರೆಸ್ಟ್ ಮಾಡಿ. ಆ ಹೊತ್ತಿಗೆ ಅದು ಸರಿಯಾದ ಮಾತೇ. ಆದರೆ ಆ "ಸ್ವಲ್ಪ ದಿನ" ಯಾವಾಗ ಮುಗಿಯುತ್ತದೆ ಅಂತ ಯಾರೂ ಹೇಳಲಿಲ್ಲ. ಮನೆಯವರೂ ಕೇಳಲಿಲ್ಲ. ಮಗ ಟೆಂಪೋ ಓಡಿಸುತ್ತಾನೆ, ಕೈಯಲ್ಲಿ ನಾಲ್ಕು ಕಾಸು ಆಡುತ್ತಿದೆ. ಅಮ್ಮ ದುಡಿದದ್ದು ಸಾಕು ಅಂತ ಅವನ ಆಸೆ. ಒಂದು ಫೈಬರ್ ಕುರ್ಚಿ ತಂದು ಜಗಲಿ ಮೇಲೆ ಹಾಕಿದ. ಅಮ್ಮ ಅಲ್ಲಿ ಕೂತರು. ಎರಡು ವರ್ಷ ಕೂತೇ ಇದ್ದರು.

ನನ್ನ ಹತ್ತಿರ ಬಂದಾಗ ಆ ಕುರ್ಚಿಯಿಂದ ಏಳುವುದೇ ಕಷ್ಟ ಆಗಿತ್ತು. ಕೈ ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತಾರೆ ಅಂತ ಒಂದು ಪರೀಕ್ಷೆ ಇದೆ. 60ರಿಂದ 64ರ ಹೆಂಗಸರು 12ಕ್ಕಿಂತ ಕಡಿಮೆ ಮಾಡಿದರೆ ಕಾಲಿನ ಶಕ್ತಿ ಕಡಿಮೆ, ಬೀಳುವ ಅಪಾಯ ಜಾಸ್ತಿ ಅಂತ ಲೆಕ್ಕ. ಇವರು 7 ಸಲ ಎದ್ದರು. ನೋವು ಹತ್ತಕ್ಕೆ ಆರು. ತೊಡೆಯ ಮುಂಭಾಗದ ಸ್ನಾಯು, ಅದರಲ್ಲೂ ಬಲಗಾಲಿನದು, ಕರಗಿಹೋಗಿತ್ತು. ಮೊಣಕಾಲು ಬಿಸಿ ಇರಲಿಲ್ಲ, ಜ್ವರ ಇರಲಿಲ್ಲ, ರಾತ್ರಿ ನಿದ್ದೆಗೆಡಿಸುವ ನೋವು ಇರಲಿಲ್ಲ, ಕೀಲು ಸಿಕ್ಕಿಹಾಕಿಕೊಳ್ಳುತ್ತಿರಲಿಲ್ಲ. ನಡೆದರೆ ಎದೆ ಹಿಡಿಯುತ್ತದೆಯಾ ಅಂತಲೂ ಕೇಳಿದೆ, ಇಲ್ಲ ಅಂದರು. ಪಾದದ ಸ್ಪರ್ಶ ಸರಿ ಇತ್ತು. ಸಕ್ಕರೆ ಇರುವವರಿಗೆ ನಡೆಯಲು ಹೇಳುವ ಮೊದಲು ಪಾದ ನೋಡಲೇಬೇಕು. ಬಿಪಿ ಹಿಡಿತದಲ್ಲಿತ್ತು. ಅಂದರೆ ಇವರು ನಡೆಯಬಾರದು ಅನ್ನಲು ನನಗೆ ಒಂದೂ ಕಾರಣ ಸಿಗಲಿಲ್ಲ.

ಅವರ ತಲೆಯಲ್ಲಿ ಮಾತ್ರ ಒಂದು ಗಟ್ಟಿ ಕಾರಣ ಇತ್ತು. "ಸವೆದದ್ದು ಮತ್ತೆ ಸವೀತದೆ ಅಲ್ದಾ? ನಡೆದಷ್ಟೂ ಖರ್ಚು."

ಭಯದ ಲೆಕ್ಕ

ಈ ಲೆಕ್ಕ ಕೇಳಲು ಬಹಳ ಸರಿ ಅನ್ನಿಸುತ್ತದೆ. ಚಪ್ಪಲಿಗೆ ಅದು ಸರಿ. ಜೀವ ಇರುವ ಕೀಲಿಗೆ ಸರಿಯಲ್ಲ. ಮೂಳೆ ತುದಿಯ ಮೃದ್ವಸ್ಥಿಗೆ (ಕಾರ್ಟಿಲೇಜ್) ಅದರದೇ ರಕ್ತನಾಳ ಇಲ್ಲ. ಅದಕ್ಕೆ ಆಹಾರ ಸಿಗುವುದು ಕೀಲಿನೊಳಗಿನ ದ್ರವದಿಂದ. ಭಾರ ಬಿದ್ದಾಗ ದ್ರವ ಹೊರಗೆ ಹೋಗುತ್ತದೆ, ಭಾರ ತೆಗೆದಾಗ ಒಳಗೆ ಬರುತ್ತದೆ. ಅಘನಾಶಿನಿ ನದಿ ದಂಡೆಯ ಗಜನಿ, ಅಂದರೆ ಉಪ್ಪುನೀರು ಬಂದು ಹೋಗುವ ಗದ್ದೆ, ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಬ್ಬರಕ್ಕೆ ನೀರು ಬರುತ್ತದೆ, ಇಳಿತಕ್ಕೆ ಹೋಗುತ್ತದೆ, ಗದ್ದೆಯ ಫಲ ಇರುವುದೇ ಆ ಓಡಾಟದಲ್ಲಿ. ನಾನು ಇಷ್ಟು ಹೇಳಿದಾಗ ಅಮ್ಮ ಮೊದಲ ಸಲ ನನ್ನ ಮುಖ ನೋಡಿದರು. ಅಲ್ಲಿಯ ತನಕ ಕರೆಂಟ್ ಮಷಿನ್ ನೋಡುತ್ತಿದ್ದರು.

ಎಕ್ಸ್-ರೇ ಬಗ್ಗೆಯೂ ಹೇಳಬೇಕಾಯಿತು. ಫಿಲ್ಮಿನಲ್ಲಿ ಕೀಲು ಕೆಟ್ಟದಾಗಿ ಕಂಡರೂ ಆರಾಮಾಗಿ ಓಡಾಡುವವರಿದ್ದಾರೆ. ಫಿಲ್ಮ್ ಚೆನ್ನಾಗಿದ್ದರೂ ನೋವು ತಿನ್ನುವವರಿದ್ದಾರೆ. ನೋವನ್ನು ತೀರ್ಮಾನಿಸುವುದರಲ್ಲಿ ಸ್ನಾಯುವಿನ ಬಲ, ತೂಕ, ನಿದ್ದೆ, ಭಯ ಎಲ್ಲಕ್ಕೂ ಪಾಲಿದೆ. ತೂಕದ ಬಗ್ಗೆ 2005ರ ಒಂದು ಅಮೆರಿಕನ್ ಅಧ್ಯಯನದ ಲೆಕ್ಕ ನನಗೆ ಬಹಳ ಉಪಯೋಗಕ್ಕೆ ಬರುತ್ತದೆ: ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಈ ಅಮ್ಮ ಎರಡು ವರ್ಷದಲ್ಲಿ ಎಂಟು ಕಿಲೋ ಏರಿಸಿಕೊಂಡಿದ್ದರು. ರೆಸ್ಟ್ ತೆಗೆದುಕೊಂಡು ಮೊಣಕಾಲಿಗೆ ಭಾರ ಜಾಸ್ತಿ ಮಾಡಿಕೊಂಡ ಹಾಗಾಯಿತು.

ಭಯ ಹೋದರೆ ಅರ್ಧ ಕೆಲಸ ಆಯಿತು ಅಂತ ಪುಸ್ತಕದಲ್ಲಿ ಬರೆಯುತ್ತಾರೆ. ಉಳಿದ ಅರ್ಧ ಇನ್ನೂ ಕಷ್ಟ. "ಹಾಗಾದ್ರೆ ದಿನಾ ವಾಕಿಂಗ್ ಹೋಗಿ" ಅಂತ ಹೇಳಿ ಕಳಿಸಬಹುದಿತ್ತು. ಆದರೆ ವಾಕಿಂಗ್ ಅನ್ನುವುದು ನಮ್ಮ ಊರುಗಳಲ್ಲಿ ಯಾರ ಕೆಲಸ? ಕಾರವಾರದ ಟಾಗೋರ್ ಕಡಲತೀರದಲ್ಲಿ ಬೆಳಿಗ್ಗೆ ಬೂಟು ಹಾಕಿಕೊಂಡು ನಡೆಯುವವರನ್ನು ನೋಡಿ. ನಿವೃತ್ತ ನೌಕರರು, ಅಧಿಕಾರಿಗಳು, ಬ್ಯಾಂಕಿನವರು. ಅದೇ ಹೊತ್ತಿಗೆ ಮೀನು ಬುಟ್ಟಿ ಹೊತ್ತು ಹೋಗುವ ಹೆಂಗಸು ಅವರಿಗಿಂತ ಜಾಸ್ತಿ ನಡೆಯುತ್ತಾಳೆ, ಅದನ್ನು ಯಾರೂ ವಾಕಿಂಗ್ ಅನ್ನುವುದಿಲ್ಲ. ಜೀವಮಾನ ಇಡೀ ನಡೆದು ದಣಿದವರಿಗೆ, ಕೊನೆಗೂ ಕೂರುವ ಭಾಗ್ಯ ಬಂದಾಗ, "ಎದ್ದು ಸುಮ್ನೆ ನಡೀರಿ" ಅನ್ನುವುದು ಹೇಗೆ ಕೇಳಿಸಬೇಡ! ಕೆಲಸ ಇಲ್ಲದೆ ರಸ್ತೆಯಲ್ಲಿ ನಡೆದರೆ "ಎಂತ, ಮನೇಲಿ ಜಗಳವಾ?" ಅಂತ ಅಕ್ಕಪಕ್ಕದವರು ಕೇಳುತ್ತಾರೆ. ಇದು ಅವರೇ ನನಗೆ ಹೇಳಿದ್ದು, ನಗುತ್ತಾ.

2024ರಲ್ಲಿ ಲ್ಯಾನ್ಸೆಟ್ ಬಳಗದ ಒಂದು ಪತ್ರಿಕೆಯಲ್ಲಿ ಬಂದ ಅಂದಾಜಿನ ಪ್ರಕಾರ, ಭಾರತದ ವಯಸ್ಕರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಬೇಕಾದಷ್ಟು ಮೈ ಆಡಿಸುವುದಿಲ್ಲ. ಗಂಡಸರಲ್ಲಿ ಶೇಕಡಾ 42, ಹೆಂಗಸರಲ್ಲಿ ಶೇಕಡಾ 57. ಇಂಥ ಅಂಕಿ ನೋಡಿದ ಕೂಡಲೇ "ಜನ ಸೋಮಾರಿಗಳಾಗಿದ್ದಾರೆ" ಅನ್ನುವ ಭಾಷಣ ಶುರುವಾಗುತ್ತದೆ. ನನಗೆ ಅದು ಒಪ್ಪಿಗೆ ಇಲ್ಲ. ಈ ಅಮ್ಮನ ಮನೆಯಲ್ಲಿ ಸೋಮಾರಿ ಯಾರಿದ್ದಾರೆ? ಪಂಪ್ ಬಂತು, ಗ್ಯಾಸ್ ಬಂತು, ಮಿಕ್ಸರ್ ಬಂತು, ಮಗನ ಟೆಂಪೋ ಬಂತು. ಒಂದೊಂದೂ ಬೇಕಾದದ್ದೇ. ಮೈಯ ಓಡಾಟ ಒಂದೊಂದೇ ಕಳಚಿಕೊಂಡಿತು, ಅದರ ಜಾಗಕ್ಕೆ ಇನ್ನೊಂದು ಬರಲಿಲ್ಲ.

ಮೊದಲ ತಿಂಗಳು

ಹತ್ತು ವ್ಯಾಯಾಮದ ಜೆರಾಕ್ಸ್ ಹಾಳೆ ಕೊಡುವ ರೂಢಿ ನಮ್ಮಲ್ಲಿದೆ. ಅದರಲ್ಲಿ ಪ್ಯಾಂಟು ಹಾಕಿದ ಬಿಳಿ ಹೆಂಗಸು ಮ್ಯಾಟ್ ಮೇಲೆ ಮಲಗಿ ಕಾಲು ಎತ್ತುತ್ತಿರುತ್ತಾಳೆ. ಮನೆಗೆ ಹೋದ ಮೇಲೆ ಆ ಹಾಳೆ ಎಲ್ಲಿರುತ್ತದೆ ಅಂತ ಕೇಳಿ ನೋಡಿ, ಸಾಮಾನ್ಯವಾಗಿ ಕ್ಯಾಲೆಂಡರ್ ಹಿಂದೆ. ಇವರಿಗೆ ನಾನು ಎರಡೇ ಹೇಳಿದೆ.

ಒಂದು, ಕುರ್ಚಿಯಿಂದ ಏಳುವುದು. ಅದೇ ಫೈಬರ್ ಕುರ್ಚಿ, ಮೇಲೆ ಮಡಿಸಿದ ಕಂಬಳಿ ಹಾಕಿ ಎತ್ತರ ಮಾಡಿ. ದಿನಕ್ಕೆ ಮೂರು ಹೊತ್ತು, ಪ್ರತಿ ಸಲ ಐದು. ಸುಲಭ ಆದ ಮೇಲೆ ಕಂಬಳಿ ತೆಗೆಯುವುದು. ಎರಡು, ಜಗಲಿಯ ಚಿರೇಕಲ್ಲಿನ ಮೆಟ್ಟಿಲು ಹತ್ತಿ ಇಳಿಯುವುದು, ಕಂಬ ಹಿಡಿದುಕೊಂಡು. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಕೋಲು ಬಲಗೈಯಲ್ಲಿ ಹಿಡಿದು ಬಂದಿದ್ದರು, ಅದನ್ನು ಎಡಗೈಗೆ ಕೊಟ್ಟೆ. ನೋವು ಬಲಗಾಲಿಗಿದ್ದರೆ ಕೋಲು ಎಡಗೈಯಲ್ಲಿರಬೇಕು. ಆ ಒಂದು ಬದಲಾವಣೆಯಿಂದಲೇ ನಡಿಗೆ ಅಲ್ಲೇ ಸ್ವಲ್ಪ ಹಗುರ ಆಯಿತು. ನನ್ನ ಮಾತಿಗೆ ಬೆಲೆ ಬಂದದ್ದು ಅದರಿಂದ ಅಂತ ನನ್ನ ಅನುಮಾನ.

ನಡಿಗೆಯನ್ನು ನಾನು ಹೇಳಲಿಲ್ಲ, ಕೇಳಿದೆ. "ಕಾಲು ಸ್ವಲ್ಪ ಹಗುರ ಆದ್ರೆ ಮೊದಲು ಎಲ್ಲಿಗೆ ಹೋಗ್ತೀರಿ?" ದೇವಸ್ಥಾನ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಹೇಳಿದ್ದು ಅಂಗನವಾಡಿ. ಮೊಮ್ಮಗಳನ್ನು ಕರೆದುಕೊಂಡು ಬರಲು ಸೊಸೆ ದಿನಾ ಗದ್ದೆ ಕೆಲಸ ಬಿಟ್ಟು ಓಡುತ್ತಾಳೆ, ಅದು ಅವರ ಕಣ್ಣಿಗೆ ಚುಚ್ಚುತ್ತಿತ್ತು. ಮನೆಯಿಂದ ಅಂಗನವಾಡಿಗೆ ಮೊದಲಿನ ಅವರ ನಡಿಗೆಯಲ್ಲಿ ಆರೇಳು ನಿಮಿಷ.

ಹೀಗೆ ಕೇಳುವುದಕ್ಕೂ ಒಂದು ವಿದ್ಯೆ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಕುಡಿತದ ತೊಂದರೆ ಇದ್ದವರ ಬಗ್ಗೆ ಬರೆಯುತ್ತಾ ಇದನ್ನು ಮುಂದಿಟ್ಟರು. ಬದಲಾಗಬೇಕಾದ ಕಾರಣವನ್ನು ನಾವು ಹೇಳಬಾರದು, ಅವರ ಬಾಯಿಂದಲೇ ಬರಬೇಕು ಅನ್ನುವುದು ಅದರ ಸಾರ. ಫಿಸಿಯೋಥೆರಪಿಸ್ಟ್‌ಗೆ ಇದು ಹೇಳಿ ಮಾಡಿಸಿದ ಹಾಗಿದೆ, ಯಾಕೆಂದರೆ ನಮ್ಮ ಹತ್ತಿರ ಸಮಯ ಇದೆ. ಒಪಿಡಿಯಲ್ಲಿ ಡಾಕ್ಟರಿಗೆ ಒಬ್ಬ ರೋಗಿಗೆ ಐದು ನಿಮಿಷ ಸಿಕ್ಕರೆ ದೊಡ್ಡದು. ನಮ್ಮ ಹತ್ತಿರ ಅದೇ ಮನುಷ್ಯ ಅರ್ಧ ಗಂಟೆ ಇರುತ್ತಾನೆ, ಮತ್ತೆ ಮತ್ತೆ ಬರುತ್ತಾನೆ. ಕಾಲು ಹಿಡಿದು ನೋಡುವಾಗ ಜನ ಮಾತಾಡುತ್ತಾರೆ. ಆ ಅರ್ಧ ಗಂಟೆಯನ್ನು ಮಷಿನ್‌ಗೆ ಕೊಟ್ಟು ನಾವು ಪಕ್ಕದ ರೂಮಿಗೆ ಹೋಗುವುದು ನನಗಂತೂ ದೊಡ್ಡ ನಷ್ಟ ಅನ್ನಿಸುತ್ತದೆ.

ಒಮ್ಮೆಗೇ ಅಂಗನವಾಡಿ ಬೇಡ ಅಂದೆ. ಅಂಗಳದಲ್ಲಿ ಐದು ನಿಮಿಷ, ದಿನಕ್ಕೆ ಮೂರು ಸಲ, ಊಟ ಆದ ಮೇಲೆ. ಊಟದ ನಂತರದ ನಡಿಗೆ ಸಕ್ಕರೆ ಏರುವುದನ್ನೂ ತಗ್ಗಿಸುತ್ತದೆ. ಐದು ನಿಮಿಷದಲ್ಲಿ ಏನಾಗುತ್ತದೆ ಅಂತ ಸೊಸೆಗೆ ಅನುಮಾನ. ವಿಶ್ವ ಆರೋಗ್ಯ ಸಂಸ್ಥೆ ಮೊದಲು ಒಂದೇ ಸಮನೆ ಹತ್ತು ನಿಮಿಷವಾದರೂ ಮಾಡಬೇಕು ಅನ್ನುತ್ತಿತ್ತು. 2020ರ ಮಾರ್ಗಸೂಚಿಯಲ್ಲಿ ಆ ಷರತ್ತು ತೆಗೆದುಹಾಕಿದೆ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ, ಎರಡು ದಿನವಾದರೂ ಸ್ನಾಯು ಬಲಪಡಿಸುವ ಕೆಲಸ ಅನ್ನುವುದು ಗುರಿ. ಆದರೆ ಚೂರುಚೂರು ಮಾಡಿದ್ದೂ ಲೆಕ್ಕಕ್ಕೆ ಬರುತ್ತದೆ. 150 ಅನ್ನುವ ಸಂಖ್ಯೆಯನ್ನು ನಾನು ಆ ಅಮ್ಮನಿಗೆ ಹೇಳಲೇ ಇಲ್ಲ. ಏಳು ಸಲ ಎದ್ದು ಕೂತು ಏದುಸಿರು ಬಿಡುವವರಿಗೆ ಅದು ಹೆದರಿಸುವ ಸಂಖ್ಯೆ.

ಹೇಳಿದ್ದು ನೋವಿನ ನಿಯಮ ಮಾತ್ರ. ಮಾಡುವಾಗ ಸ್ವಲ್ಪ ನೋವು ಬಂದರೆ ಪರವಾಗಿಲ್ಲ, ಹತ್ತಕ್ಕೆ ಐದರ ಒಳಗಿರಲಿ. ಮರುದಿನ ಬೆಳಿಗ್ಗೆ ಗಂಜಿ ಹೊತ್ತಿಗೆ ಮೊದಲಿನಷ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಅರ್ಧ ಮಾಡಿ, ನಿಲ್ಲಿಸಬೇಡಿ. ಮೊದಲ ಕೆಲವು ವಾರ ನೋವು ಸ್ವಲ್ಪ ಏರಬಹುದು ಅಂತಲೂ ಮೊದಲೇ ಹೇಳಿಟ್ಟೆ. ಹೇಳದಿದ್ದರೆ ಮೂರನೇ ದಿನಕ್ಕೆ ಮತ್ತೆ ಕುರ್ಚಿ ಗ್ಯಾರಂಟಿ.

ಕರೆಂಟ್ ಕೊಟ್ಟೆನಾ? ಕೊಡಲಿಲ್ಲ. ಬಿಸಿನೀರಿನ ಶಾಖ ಮನೆಯಲ್ಲೇ ತೆಗೆದುಕೊಳ್ಳಲು ಹೇಳಿದೆ. ಹತ್ತು ದಿನ ಬಸ್ಸು ಹಿಡಿದು ಬರುವುದರ ಬದಲು ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ ಬಂದರೆ ಸಾಕು ಅಂದಾಗ ಸೊಸೆಯ ಮುಖ ಅರಳಿತು.

ಮಗನ ವಿಷಯ

ಅಂಗಳದಿಂದ ಅಂಗನವಾಡಿ ತನಕ ನಡೆಯಲು ಶುರು ಮಾಡಿದ ಮೇಲೆ ತೊಡಕು ಬಂದದ್ದು ಮಗನಿಂದ. ಅಮ್ಮ ಮಗುವಿನ ಕೈ ಹಿಡಿದು ಕೋಲೂರಿಕೊಂಡು ಬರುವುದನ್ನು ಊರವರು ನೋಡಿ, "ಆಯಿಗೆ ಈ ವಯಸ್ಸಲ್ಲಿ ಕೆಲಸ ಹಚ್ಚಿದ್ಯಾ?" ಅಂದರಂತೆ. ಅವನು ಫೋನ್ ಮಾಡಿ ನನ್ನನ್ನೇ ದಬಾಯಿಸಿದ. ಅವನ ಸಿಟ್ಟು ನನಗೆ ಅರ್ಥ ಆಗುತ್ತದೆ. ಅಮ್ಮನನ್ನು ಕೂರಿಸಿ ಸಾಕುವುದು ಅವನ ಮರ್ಯಾದೆಯ ಪ್ರಶ್ನೆ. ಅವನಿಗೆ ಕೀಲಿನ ಪಾಠ ಹೇಳಿ ಉಪಯೋಗ ಇರಲಿಲ್ಲ. ಬಿದ್ದರೆ ಏನಾಗುತ್ತದೆ ಅಂತ ಹೇಳಿದೆ. ಕಾಲಿನ ಬಲ ಹೀಗೇ ಇಳಿದರೆ ಒಂದು ದಿನ ಬಚ್ಚಲಿನಲ್ಲಿ ಜಾರಬಹುದು, ಸೊಂಟದ ಮೂಳೆ ಮುರಿಯಬಹುದು, ಆಮೇಲೆ ಹಾಸಿಗೆ. ಅಮ್ಮ ಈಗ ಮಾಡುತ್ತಿರುವುದು ಕೆಲಸ ಅಂತ ನೋಡಬೇಡ, ಔಷಧಿ ಅಂತ ನೋಡು, ನಾನೇ ಬರೆದುಕೊಡುತ್ತೇನೆ ಅಂದೆ. ಲೆಟರ್‌ಹೆಡ್ ಮೇಲೆ ಬರೆದೂ ಕೊಟ್ಟೆ: ದಿನಾ ಅಂಗನವಾಡಿಗೆ ಹೋಗಿ ಬರುವುದು, ಒಂದು ಸಲ. ಕೇಳಲು ತಮಾಷೆ, ಆದರೆ ಆ ಚೀಟಿ ಕೆಲಸ ಮಾಡಿತು. ಊರವರು ಕೇಳಿದರೆ ತೋರಿಸಲು ಅವನ ಹತ್ತಿರ ಏನೋ ಒಂದು ಇತ್ತು.

ಡಾಕ್ಟರಿಗೂ ಒಂದು ಸಾಲು ಬರೆದು ಕಳಿಸಿದ್ದೆ. ಮುಂದಿನ ಸಲ ಸಕ್ಕರೆ ತೋರಿಸಲು ಹೋದಾಗ "ನಡೀತಾ ಇದೀರಂತೆ, ಒಳ್ಳೇದು, ಮುಂದುವರಿಸಿ" ಅಂದರಂತೆ ಅವರು. ನಾನು ಗಂಟೆಗಟ್ಟಲೆ ಹೇಳಿದ್ದಕ್ಕಿಂತ ಆ ಒಂದು ಮಾತಿನ ತೂಕ ಜಾಸ್ತಿ. ರೆಸ್ಟ್ ಅಂದವರೇ ರೆಸ್ಟ್ ಸಾಕು ಅಂದ ಹಾಗಾಯಿತಲ್ಲ.

ಏಪ್ರಿಲ್ ಹೊತ್ತಿಗೆ 30 ಸೆಕೆಂಡಿನಲ್ಲಿ 11 ಸಲ ಏಳುತ್ತಿದ್ದರು. ಅಂಗನವಾಡಿಗೆ ಹೋಗಿ ಬರುವುದು ಅಭ್ಯಾಸ ಆಗಿತ್ತು. ಆ ವರ್ಷ ಹೆದ್ದಾರಿ ಪಕ್ಕ ಸಂಜೆ ಎರಡು ತಾಸು ಈರುಳ್ಳಿ ಮಾರಲು ಕೂತರು, ನೆಲದ ಮೇಲಲ್ಲ, ಸ್ಟೂಲ್ ಮೇಲೆ. ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಬೇಕು ಅಂತ ಒಪ್ಪಂದ. ಗಿರಾಕಿ ಬಂದಾಗ ಎದ್ದರೆ ಅದೂ ಲೆಕ್ಕಕ್ಕೆ ಅಂದೆ.

ಮಳೆಗಾಲ

ಈ ಜಿಲ್ಲೆಯಲ್ಲಿ ಯಾವ ನಡಿಗೆಯ ಯೋಜನೆಯನ್ನೂ ಜೂನ್ ಪರೀಕ್ಷೆ ಮಾಡುತ್ತದೆ. ಅಂಗಳ ಪಾಚಿ ಕಟ್ಟುತ್ತದೆ. ರಸ್ತೆ ಬದಿಯಲ್ಲಿ ನೀರು ಹರಿಯುತ್ತದೆ. ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಕೊಡೆ, ಮಗುವಿನ ಕೈ ಹಿಡಿಯುವುದು ಯಾವುದರಲ್ಲಿ? ಜೊತೆಗೆ ಭಾರಿ ಮಳೆ ಅಂತ ಜಿಲ್ಲಾಡಳಿತ ರಜೆ ಕೊಟ್ಟರೆ ಅಂಗನವಾಡಿಯೂ ಬಂದ್. ನಡಿಗೆಯನ್ನು ಅಂಗನವಾಡಿಗೆ ಕಟ್ಟಿಹಾಕಿದ್ದರ ಇನ್ನೊಂದು ಮುಖ ಇದು. ಅಲ್ಲಿ ರಜೆ ಆದರೆ ಇಲ್ಲೂ ರಜೆ.

ಜುಲೈಯಲ್ಲಿ ಬಂದಾಗ ಬಲ ಮೊಣಕಾಲು ಊದಿತ್ತು. ಕೊಟ್ಟಿಗೆ ಹತ್ತಿರ ಸ್ವಲ್ಪ ಜಾರಿದ್ದರು, ಬಿದ್ದಿರಲಿಲ್ಲ. ಅದಾದ ಮೇಲೆ ಹೆದರಿ ಎಲ್ಲ ಬಿಟ್ಟಿದ್ದರು. ಪರೀಕ್ಷೆಯಲ್ಲಿ 9ಕ್ಕೆ ಇಳಿದಿತ್ತು. "ನಾ ಹೇಳಿದ್ನಲ್ಲಾ, ಸವೀತದೆ ಅಂತ" ಅಂದರು. ಹಳೆಯ ಲೆಕ್ಕ ವಾಪಸ್ ಬಂದಿತ್ತು.

ಇಂಥ ಹೊತ್ತಲ್ಲಿ ರೋಗಿ ಕೈಬಿಟ್ಟು ಹೋಗುವುದು ಜಾಸ್ತಿ. ಕೀಲು ಸಡಿಲ ಆಗದೆ ಗಟ್ಟಿ ನಿಂತಿದೆಯಾ, ಸ್ನಾಯುರಜ್ಜು ಸರಿ ಇದೆಯಾ ಅಂತ ಪೂರ್ತಿ ನೋಡಿ, ಹೊಸ ಪೆಟ್ಟು ಏನೂ ಇಲ್ಲ ಅಂತ ಮೊದಲು ಖಾತ್ರಿ ಮಾಡಿದೆ. ಊತ ಇಳಿಯುವ ತನಕ ಮೆಟ್ಟಿಲು ಬಿಡಿಸಿದೆ. ಕುರ್ಚಿಗೆ ಮತ್ತೆ ಕಂಬಳಿ ಹಾಕಿಸಿದೆ, ಐದರ ಬದಲು ಮೂರು. ಸೊನ್ನೆ ಮಾಡಲಿಲ್ಲ. ನಡಿಗೆಯನ್ನು ಜಗಲಿಗೆ ತಂದೆವು. ಉದ್ದದ ಜಗಲಿ, ಈ ತುದಿಯಿಂದ ಆ ತುದಿ, ಮೊಬೈಲಿನಲ್ಲಿ ಒಂದು ಭಜನೆ ಹಾಕಿ ಅದು ಮುಗಿಯುವ ತನಕ. ಆರಾಮಾದರೆ ಎರಡು ಭಜನೆ. ನಡೆಯುವಾಗ ಮಾತಾಡಲು ಬರಬೇಕು, ಜೊತೆಗೆ ಹಾಡಲು ಉಸಿರು ಸಾಲಬಾರದು, ಆಗ ವೇಗ ಸರಿ ಇದೆ ಅಂತ. ಮೊಮ್ಮಗಳಿಗೆ ಗೋಡೆ ಕ್ಯಾಲೆಂಡರಿನಲ್ಲಿ ಚುಕ್ಕಿ ಇಡುವ ಕೆಲಸ. ಅವಳು ಬಹಳ ಕಟ್ಟುನಿಟ್ಟು. ಒಂದು ದಿನ ಅಜ್ಜಿ ಅರ್ಧಕ್ಕೇ ಕೂತಿದ್ದಕ್ಕೆ ಅರ್ಧ ಚುಕ್ಕಿ ಇಟ್ಟಿದ್ದಳಂತೆ.

ಮೆಟ್ಟಿನ ವಿಷಯ ಸಣ್ಣದು, ಆದರೆ ಹೇಳದೆ ಹೋಗುವ ಹಾಗಿಲ್ಲ. ಸವೆದು ನುಣುಪಾದ ಹವಾಯಿ ಚಪ್ಪಲಿಯಲ್ಲಿ ಪಾಚಿ ಕಟ್ಟಿದ ಚಿರೇಕಲ್ಲಿನ ಮೇಲೆ ಓಡಾಡುತ್ತಿದ್ದರು. ಹಿಂದೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ತರಿಸಿದೆ. ಮಗನೇ ತಂದುಕೊಟ್ಟ.

ಈಗ ಎಲ್ಲಿದ್ದೇವೆ

ಚೌತಿ ಮುಗಿಸಿ ಬಂದಾಗ ನೋಡಿದ್ದು: ಎದ್ದು ಕೂರುವುದು 12. ನೋವು ಸಾಮಾನ್ಯ ದಿನಗಳಲ್ಲಿ ಮೂರು, ಮಳೆ ಹಿಡಿದ ದಿನ ನಾಲ್ಕು. ನಿಲ್ಲದೆ ಇಪ್ಪತ್ತೈದು ನಿಮಿಷ ನಡೆಯುತ್ತಾರೆ. ತೂಕ 71 ಕಿಲೋ. ಸಕ್ಕರೆ ಮಾತ್ರೆ ಹಾಗೇ ಇದೆ, ಡಾಕ್ಟರು ಜಾಸ್ತಿ ಮಾಡಿಲ್ಲ, ಕಡಿಮೆಯೂ ಮಾಡಿಲ್ಲ. ಚೌತಿಯಲ್ಲಿ ಪಂಕ್ತಿಗೆ ನೆಲದ ಮೇಲೆ ಕೂರಲು ಆಗಲಿಲ್ಲ, ಮೇಜಿನ ಊಟವೇ. ಅದು ಅವರಿಗೆ ಬೇಸರದ ವಿಷಯ. ಅದು ಪೂರ್ತಿ ವಾಪಸ್ ಬರುತ್ತದೆ ಅಂತ ನಾನು ಮಾತು ಕೊಟ್ಟಿಲ್ಲ. ಬಲ ಮೊಣಕಾಲಿಗೆ ಮುಂದೆ ಎಂದಾದರೂ ಆಪರೇಷನ್ ಬೇಕಾಗಬಹುದು. ಬೇಕಾದರೂ ಬಲ ಇರುವ ತೊಡೆಯೊಂದಿಗೆ ಮೇಜಿನ ಮೇಲೆ ಮಲಗುವುದು, ಕರಗಿದ ತೊಡೆಯೊಂದಿಗೆ ಮಲಗುವುದಕ್ಕಿಂತ ಎಷ್ಟೋ ವಾಸಿ.

ಈಗಿನ ಚರ್ಚೆ ಬೇರೆ. ಮಳೆ ನಿಂತರೆ ಈರುಳ್ಳಿ ಮಡಿ ಮಾಡುತ್ತಾರೆ, ಆಮೇಲೆ ನಾಟಿ. ಅಮ್ಮನಿಗೆ ಗದ್ದೆಗೆ ಇಳಿಯಬೇಕು. ನಾಟಿಯನ್ನು ಕುಕ್ಕರಗಾಲಲ್ಲಿ ಮಾಡುವುದು ಬೇಡ, ಗಿಡ್ಡ ಸ್ಟೂಲಿನ ಮೇಲೆ ಕೂತು ಒಂದು ಸಾಲು, ಎದ್ದು ಓಡಾಡಿ ಇನ್ನೊಂದು ಸಾಲು ಅಂತ ಇಬ್ಬರೂ ಒಪ್ಪಿದ್ದೇವೆ. ದುಡಿಮೆ ಮತ್ತು ವ್ಯಾಯಾಮದ ನಡುವಿನ ವ್ಯತ್ಯಾಸ ಇರುವುದೇ ಇಲ್ಲಿ. ದುಡಿಮೆಯಲ್ಲಿ ಯಾವಾಗ ನಿಲ್ಲಿಸಬೇಕು ಅಂತ ಮೈ ಹೇಳಿದರೂ ಗದ್ದೆ ಕೇಳುವುದಿಲ್ಲ. ಒಪ್ಪಿಗೆ ಆಗದೆ ಉಳಿದದ್ದು ತಲೆ ಮೇಲಿನ ಬುಟ್ಟಿ. ಮೊದಲಿನ ಹಾಗೆ ಹೊರುತ್ತೇನೆ ಅಂತ ಅವರು. ಐದು ಕಿಲೋ ಮೇಲೆ ಬೇಡ ಅಂತ ನಾನು. ಬುಟ್ಟಿಯೇ ಬೇಡ ಅಂತ ಮಗ. ಮುಂದಿನ ಸಲ ಅವನನ್ನೂ ಕರೆದುಕೊಂಡು ಬನ್ನಿ ಅಂತ ಹೇಳಿ ಕಳಿಸಿದ್ದೇನೆ. ನಾಟಿ ಶುರುವಾಗುವ ಮೊದಲು ಮೂವರೂ ಕೂತು ಮಾತಾಡಬೇಕು.